ಒಂದೇ ಉಳ್ಳಾಗಡ್ಡಿಯಲ್ಲಿ ಇಡೀ ಜೀವಕೋಶದ ಪಾಠ

ಈರುಳ್ಳಿಯ ಬೇರನ್ನು ಬೆಳಗ್ಗೆ ಕತ್ತರಿಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದೊಂದು ಗೊತ್ತಿಲ್ಲದೆ ನಾನು ಎರಡು ವರ್ಷ ಕಳೆದುಕೊಂಡೆ.

ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಮೊದಮೊದಲು ಜೀವಕೋಶದ ಪಾಠವನ್ನು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಿಂದಲೇ ಮುಗಿಸುತ್ತಿದ್ದೆ. ಹಸಿರು ಕೋಶಭಿತ್ತಿ, ಕೆಂಪು ಕೋಶಕೇಂದ್ರ, ಹಳದಿ ಮೈಟೋಕಾಂಡ್ರಿಯಾ. ಕೋಶ ವಿಭಜನೆಗೆ ನಾಲ್ಕು ಚಿತ್ರ ಸಾಲಾಗಿ. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ, "ಇದನ್ನ ಯಾರರ ಕಣ್ಣಾರೆ ನೋಡ್ಯಾರೇನ್ರೀ ಟೀಚರ್?" ನಾನು ನೋಡಿದ್ದೆ, ಬಿ.ಎಸ್ಸಿ.ಯಲ್ಲಿ, ಯಾರೋ ಮಾಡಿಟ್ಟ ಸ್ಲೈಡಿನಲ್ಲಿ. ಅವನಿಗೆ ಬೇಕಿದ್ದದ್ದು ತಾನು ನೋಡುವುದು.

ಮರುವಾರ ಊಟದ ಗಂಟೆ ಆದಮೇಲೆ, ಎರಡೂವರೆಗೆ, ಉದ್ದಕ್ಕೆ ಬೆಳೆದ ಹಳೇ ಬೇರು ಕತ್ತರಿಸಿ, ಬಣ್ಣ ಹಾಕಿ, ನಲವತ್ತೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಂದು ಕೋಶವೂ ಒಡೆಯುತ್ತಿರಲಿಲ್ಲ. ಮುಂದಿನ ವರ್ಷವೂ ಅದೇ ಕತೆ. ಮೂರನೇ ವರ್ಷ ಪಕ್ಕದ ಊರಿನ ಕಾಲೇಜಿನ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ಒಬ್ಬ ಅಟೆಂಡರ್ ನನ್ನ ಸ್ಲೈಡ್ ನೋಡಿ ಎರಡೇ ಪ್ರಶ್ನೆ ಕೇಳಿದರು: "ಎಷ್ಟ್ ಹೊತ್ತಿಗೆ ಕೊಯ್ದ್ರಿ? ತುದಿ ಇಟ್ಕೊಂಡ್ರೋ, ಒಗದ್ರೋ?" ಮುಂದೆ ಬರೆಯುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಇನ್ನರ್ಧ ಮಕ್ಕಳ ಜೊತೆ ಮಾಡಿ ಮಾಡಿ ತಿಳಿದದ್ದು.

ಒಟ್ಟು ನಾಲ್ಕೈದು ದಿನದ ಕೆಲಸ. ಸಿಪ್ಪೆಯಲ್ಲಿ ಕೋಶದ ರಚನೆ, ಉಪ್ಪುನೀರಿನಲ್ಲಿ ಅದರ ಕೆಲಸ, ಬೇರಿನಲ್ಲಿ ವಿಭಜನೆ. ಮೂರಕ್ಕೂ ಈರುಳ್ಳಿಯೇ ಸಾಕು. ನಮ್ಮ ಕಡೆ ಅದು ಉಳ್ಳಾಗಡ್ಡಿ.

ಮೊದಲು ಗಡ್ಡೆಯನ್ನು ನೀರಿಗೆ ಇಡಿ

ಬೇರು ಬರಲು ದಿನ ಬೇಕು. ಹಾಗಾಗಿ ಈ ಕೆಲಸ ಮೊದಲು.

ಮಧ್ಯಮ ಗಾತ್ರದ ಐದು ಗಡ್ಡೆ ಆರಿಸಿ. ಗಟ್ಟಿ ಇರಬೇಕು, ಬುಡದಲ್ಲಿ ಬೂಸ್ಟು ಇರಬಾರದು. ಹೊಲದಿಂದ ಈಗಷ್ಟೇ ಕಿತ್ತು ತಂದದ್ದು ಬೇಡ. ಹೊಸ ಗಡ್ಡೆ ಇನ್ನೂ ನಿದ್ದೆಯಲ್ಲಿರುತ್ತದೆ, ಬೇರು ಬಿಡಲು ಸತಾಯಿಸುತ್ತದೆ. ಒಂದೆರಡು ತಿಂಗಳು ಬುಟ್ಟಿಯಲ್ಲಿ ಕೂತದ್ದು ಒಳ್ಳೆಯದು. ಬುಡದಲ್ಲಿ ಒಣಗಿದ ಹಳೇ ಬೇರಿನ ಗಡ್ಡ ಇರುತ್ತದಲ್ಲ, ಅದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಬುಡದ ಬಿಲ್ಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಹೊಸ ಬೇರು ಬರುವುದು ಅಲ್ಲಿಂದಲೇ.

ಗಾಜಿನ ಲೋಟದ ತುಂಬ ನೀರು ಹಾಕಿ, ಗಡ್ಡೆಯನ್ನು ಬಾಯಿಯ ಮೇಲೆ ಕೂರಿಸಿ. ಬುಡ ನೀರಿಗೆ ತಾಕಿದರೆ ಸಾಕು, ಮುಳುಗಬಾರದು. ಗಡ್ಡೆ ಸಣ್ಣದಾಗಿ ಒಳಗೆ ಜಾರಿದರೆ ಮೂರು ಕಡೆ ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿ. ನೀರನ್ನು ದಿನಾ ಬದಲಿಸಿ. ಬದಲಿಸದಿದ್ದರೆ ಬುಡ ಕೊಳೆತು ವಾಸನೆ ಬರುತ್ತದೆ. ನಾನು ಅಡುಗೆಮನೆ ಕಿಟಕಿಯಲ್ಲಿ ಐದು ಲೋಟ ಸಾಲಾಗಿ ಇಡುತ್ತೇನೆ. ಮೊದಲ ಸಲ ಅತ್ತೆ, "ಉಳ್ಳಾಗಡ್ಡಿ ನೀರಾಗ ಯಾಕ ಕುಂದ್ರಿಸೀಯವ್ವಾ?" ಅಂತ ಕೇಳಿದ್ದರು. ಹೇಳಿದೆ. ಈಗ ನೀರು ಬದಲಿಸುವವರು ಅವರೇ. ಬೆಳಗ್ಗೆ ಚಹಾ ಕೊಡುವಾಗ ಬೇರು ಎಷ್ಟು ಬಂತು ಅಂತ ಬೆರಳಿನ ಗೆಣ್ಣಲ್ಲಿ ಅಳೆದು ತೋರಿಸುತ್ತಾರೆ. ಒಂದು ಗೆಣ್ಣು, ಅಂದರೆ ಎರಡು ಸೆಂಟಿಮೀಟರ್ ಹತ್ತಿರ, ಬಂದರೆ ಕತ್ತರಿಸುವ ಹೊತ್ತು. ಬೇಸಿಗೆಯಲ್ಲಿ ಎರಡು ಮೂರು ದಿನ, ಚಳಿಯಲ್ಲಿ ಇನ್ನೂ ಒಂದೆರಡು ದಿನ ಜಾಸ್ತಿ.

ಬೇರು ಬರುವ ತನಕ: ಸಿಪ್ಪೆ

ಇನ್ನೊಂದು ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ. ಒಂದು ದಪ್ಪ ಎಸಳು ತೆಗೆದುಕೊಂಡು, ಒಳಬಾಗಿದ ಕಡೆ ನಿಮ್ಮತ್ತ ಇರುವಂತೆ ಹಿಡಿದು ಪಟಕ್ಕನೆ ಮುರಿಯಿರಿ. ಪೂರ್ತಿ ಮುರಿಯಬೇಡಿ. ಮುರಿದ ಜಾಗದಲ್ಲಿ ತೆಳ್ಳನೆ ಪೊರೆ ಏಳುತ್ತದೆ, ಮೊಟ್ಟೆಯ ಒಳಪೊರೆಯ ಹಾಗೆ. ಚಿಮುಟದಲ್ಲಿ ಎಳೆದರೆ ಸಲೀಸಾಗಿ ಬರುತ್ತದೆ. ಕೂಡಲೇ ನೀರಿರುವ ಗಾಜಿನ ತಟ್ಟೆಗೆ ಬಿಡಿ. ಗಾಳಿಗೆ ಬಿಟ್ಟರೆ ಸುರುಳಿ ಸುತ್ತಿಕೊಂಡು ಕೈಗೆ ಬರುವುದಿಲ್ಲ.

ಉಗುರಿನ ಅರ್ಧದಷ್ಟು ಚೂರು ಕತ್ತರಿಸಿ ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಹರವಿ. ಸಾಫ್ರನಿನ್ ಅನ್ನುವ ಕೆಂಪು ಬಣ್ಣ ಒಂದು ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಸಾಫ್ರನಿನ್ ಇಲ್ಲದಿದ್ದರೆ ತೆಳು ಮಾಡಿದ ಅಯೋಡಿನ್ ನಡೆಯುತ್ತದೆ. ಕವರ್‌ಸ್ಲಿಪ್ಪನ್ನು ಒಂದು ಅಂಚಿನಲ್ಲಿ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನಕ್ಕೆ ಮಲಗಿಸಿ. ದೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸೇರುತ್ತದೆ. ಮಕ್ಕಳು ಮೊದಲು ನೋಡುವುದೂ ಅದನ್ನೇ, ಬರೆಯುವುದೂ ಅದನ್ನೇ, "ನ್ಯೂಕ್ಲಿಯಸ್" ಅಂತ ಹೆಸರು ಕೊಡುವುದೂ ಅದಕ್ಕೇ. ಗುರುತು ಹೇಳಿಕೊಡಿ: ಸುತ್ತ ದಪ್ಪ ಕಪ್ಪು ಅಂಚು ಇದ್ದು, ಒಳಗೆ ಏನೂ ಇಲ್ಲದೆ ಹೊಳೆಯುವುದು ಗುಳ್ಳೆ.

ಕಡಿಮೆ ಪಟ್ಟಿನಲ್ಲಿ ನೋಡಿ. 10ರ ಕಣ್ಣುಮಸೂರ, 10ರ ವಸ್ತುಮಸೂರ, ಒಟ್ಟು 100 ಪಟ್ಟು. ಒಬ್ಬ ಹುಡುಗಿ "ಚಾಪಿ ಹೆಣೆದಾಂಗ ಐತ್ರಿ" ಅಂದಳು. ಪುಸ್ತಕದ ಇಟ್ಟಿಗೆ ಗೋಡೆಗಿಂತ ಅದೇ ಸರಿ ಅನ್ನಿಸಿತು. ಉದ್ದುದ್ದ ಕೋಶಗಳು ಒಂದಕ್ಕೊಂದು ಸಂದಿಲ್ಲದೆ ಸೇರಿಕೊಂಡಿರುತ್ತವೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರಿನಲ್ಲಿ ನೋಡಿ 'ಸೆಲ್' ಅಂತ ಹೆಸರಿಟ್ಟದ್ದು ಇಂಥ ಗೂಡುಗಳಿಗೆ. ಆದರೆ ಬೆಂಡು ಸತ್ತ ವಸ್ತು. ಅವನಿಗೆ ಸಿಕ್ಕದ್ದು ಖಾಲಿ ಗೋಡೆ. ನಿಮ್ಮ ಸ್ಲೈಡಿನಲ್ಲಿ ಗೋಡೆಯ ಒಳಗೆ ದುಂಡನೆ ಕೋಶಕೇಂದ್ರವೂ ಇದೆ. ಅದು ಕೋಶದ ನಡುವೆ ಇರದೆ ಪಕ್ಕಕ್ಕೆ ಒತ್ತಿಕೊಂಡಿರುವುದನ್ನು ಮಕ್ಕಳೇ ಕಂಡುಹಿಡಿಯಲಿ. ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ, ಹಿಡಿದುಕೊಂಡಿದೆ. ಅದಕ್ಕೇ ಅದು ಮೂಲೆಗೆ ಸರಿದಿರುವುದು. ಪ್ರತಿ ಕೋಶದಲ್ಲೂ ಇಂಥದೊಂದು ಚುಕ್ಕೆ ಇದೆ ಅಂತ ಆರ್ಕಿಡ್ ಗಿಡದ ಸಿಪ್ಪೆ ನೋಡಿ ಹೇಳಿ, 'ನ್ಯೂಕ್ಲಿಯಸ್' ಅಂತ ಹೆಸರು ಕೊಟ್ಟವನು ರಾಬರ್ಟ್ ಬ್ರೌನ್, 1831ರಲ್ಲಿ.

ಇಲ್ಲೊಂದು ಅಳತೆ ಮಾಡಿಸಿ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಮಸೂರದ ಕೆಳಗಿಟ್ಟರೆ ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಅಂತ ಗೊತ್ತಾಗುತ್ತದೆ. ನಮ್ಮ ಸೂಕ್ಷ್ಮದರ್ಶಕದಲ್ಲಿ 100 ಪಟ್ಟಿಗೆ ಸುಮಾರು ಒಂದೂವರೆ ಮಿಲಿಮೀಟರ್. ಆ ಅಗಲದಲ್ಲಿ ಉದ್ದಕ್ಕೆ ಐದು ಕೋಶ ಕೂತರೆ ಒಂದರ ಉದ್ದ 0.3 ಮಿಲಿಮೀಟರ್. ತಾವೇ ಲೆಕ್ಕ ಹಾಕಿದ ಈ ಸಂಖ್ಯೆಯನ್ನು ಮಕ್ಕಳು ಮರೆಯುವುದಿಲ್ಲ.

ಈ ಸ್ಲೈಡಿನಲ್ಲಿ ಹಸಿರು ಇರುವುದಿಲ್ಲ. ಗಡ್ಡೆಯ ಎಸಳಿಗೆ ಹರಿತ್ಕಣ, ಅಂದರೆ ಎಲೆಗೆ ಹಸಿರು ಕೊಡುವ ಕಣ, ಬೇಕಿಲ್ಲ. ಹಸಿರು ನೋಡಬೇಕೆಂದರೆ ಕೆರೆಯಿಂದಲೋ ಮೀನಿನ ತೊಟ್ಟಿಯಿಂದಲೋ ಹೈಡ್ರಿಲ್ಲಾ ಅನ್ನುವ ನೀರಗಿಡ ತಂದು ಒಂದು ಎಳೆ ಎಲೆಯನ್ನು ಹಾಗೇ ನೀರಿನಲ್ಲಿಟ್ಟು ನೋಡಿ. ಕತ್ತರಿಸುವ ಕೆಲಸವೂ ಇಲ್ಲ, ಬಣ್ಣವೂ ಬೇಡ. ಎಲೆಯ ನಡುನರದ ಹತ್ತಿರ, ಐದು ನಿಮಿಷ ಬೆಳಕು ಬಿದ್ದಮೇಲೆ, ಹಸಿರು ಕಣಗಳು ಕೋಶದ ಅಂಚಿನಲ್ಲಿ ಒಂದರ ಹಿಂದೊಂದು ಸುತ್ತು ಹಾಕುತ್ತವೆ. ಅವು ತಾವಾಗಿ ನಡೆಯುತ್ತಿಲ್ಲ, ಒಳಗಿನ ಸೈಟೋಪ್ಲಾಸಂ ಹರಿಯುತ್ತ ಅವನ್ನು ಒಯ್ಯುತ್ತಿದೆ. ಜೀವಕೋಶ ಅನ್ನುವ ಪದದಲ್ಲಿ 'ಜೀವ' ಯಾಕಿದೆ ಅಂತ ಕೇಳಿದವರಿಗೆ ನಾನು ಇದನ್ನು ತೋರಿಸುತ್ತೇನೆ.

ಮೈಟೋಕಾಂಡ್ರಿಯಾ, ರೈಬೋಸೋಮ್‌ನಂಥ ಕೋಶದೊಳಗಿನ ಪುಟ್ಟ ಭಾಗಗಳು ಈ ಸ್ಲೈಡುಗಳಲ್ಲಿ ಕಾಣುವುದಿಲ್ಲ. ಬೆಳಕಿನ ಸೂಕ್ಷ್ಮದರ್ಶಕಕ್ಕೆ 0.2 ಮೈಕ್ರೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ, ರೈಬೋಸೋಮ್ ಅದಕ್ಕಿಂತಲೂ ಬಹಳ ಚಿಕ್ಕದು. ಮೈಟೋಕಾಂಡ್ರಿಯಾಗೆ ಬೇರೆ ಬಣ್ಣ, ಒಳ್ಳೆಯ ಮಸೂರ ಬೇಕು. ಇದನ್ನು ಮುಚ್ಚಿಡದೆ ಹೇಳಿ. ರೆಕಾರ್ಡ್ ಪುಸ್ತಕದಲ್ಲಿ ಕಾಣದ್ದನ್ನು ಬರೆಯಲು ಬಿಡಬೇಡಿ.

ಉಪ್ಪುನೀರು: ಪೊರೆಯ ಕೆಲಸ

ಇದಕ್ಕೆ ಕೆಂಪು ಈರುಳ್ಳಿ ಬೇಕು. ಸಿಪ್ಪೆಯನ್ನು ಈ ಸಲ ದಪ್ಪ ಎಸಳಿನ ಹೊರಮೈಯಿಂದ, ನೇರಳೆ ಬಣ್ಣ ಗಾಢವಾಗಿರುವ ಕಡೆಯಿಂದ ತೆಗೆಯಿರಿ. ಒಳಮೈಯಷ್ಟು ಸಲೀಸಾಗಿ ಬರುವುದಿಲ್ಲ, ಬ್ಲೇಡಿನಿಂದ ಚೌಕ ಗೀರಿ ಎಳೆಯಿರಿ. ಬೇರೆ ಬಣ್ಣ ಹಾಕಬೇಡಿ. ಆ ನೇರಳೆ ಇರುವುದು ರಸದಾನಿಯ ರಸದಲ್ಲಿ. ಕೋಶ ಪೂರ್ತಿ ನೇರಳೆ ತುಂಬಿಕೊಂಡು ಗೋಡೆಗೆ ಒತ್ತಿ ನಿಂತಿರುತ್ತದೆ.

ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ. ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಉಪ್ಪುನೀರಿನ ಹನಿ, ಎದುರು ಅಂಚಿಗೆ ಬ್ಲಾಟಿಂಗ್ ಪೇಪರಿನ ಚೂರು. ಕಾಗದ ಹೀರಿದಂತೆ ಉಪ್ಪುನೀರು ಒಳಗೆ ಹರಿಯುತ್ತದೆ. ಕಣ್ಣು ತೆಗೆಯಬೇಡಿ. ಎರಡು ಮೂರು ನಿಮಿಷದಲ್ಲಿ ಮೂಲೆಗಳಲ್ಲಿ ನೇರಳೆ ಗೋಡೆ ಬಿಟ್ಟು ಸರಿಯುತ್ತದೆ, ಆಮೇಲೆ ಪೂರ್ತಿ ಕುಗ್ಗಿ ನಡುವೆ ಉಂಡೆ ಕಟ್ಟುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಗೋಡೆ ಬೇರೆ, ಅದರ ಒಳಗಿನ ಪೊರೆ ಬೇರೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಸಿಕ್ಕಿಲ್ಲ. ಪೊರೆ ನೀರನ್ನು ಹೊರಗೆ ಬಿಟ್ಟಿತು, ಬಣ್ಣವನ್ನು ಬಿಡಲಿಲ್ಲ. ಈಗ ಅದೇ ರೀತಿ ಬರೀ ನೀರು ಹರಿಸಿ. ತಡ ಮಾಡದಿದ್ದರೆ ನೇರಳೆ ಮತ್ತೆ ಹಿಗ್ಗಿ ಗೋಡೆ ಮುಟ್ಟುತ್ತದೆ.

ಇನ್ನೊಂದು ಚೂರು ಸಿಪ್ಪೆಯನ್ನು ಎರಡು ನಿಮಿಷ ಕುದಿಸಿ ಇದನ್ನೇ ಮಾಡಿ. ಬಣ್ಣವೆಲ್ಲ ನೀರಿಗೆ ಸೋರಿಹೋಗುತ್ತದೆ. ಉಪ್ಪು ಹಾಕಿದರೂ ಒಳಗೆ ಏನೂ ಕುಗ್ಗುವುದಿಲ್ಲ. ಪೊರೆ ಸತ್ತರೆ ಕಾವಲು ಹೋಯಿತು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ನಿಂತಿರುತ್ತದಲ್ಲ, ಅದೂ ಇದೇ ಕೆಲಸ ಅಂತ ಹೇಳಿದರೆ ಮನೆಯಲ್ಲಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಬೇರಿನ ತುದಿ

ಈಗ ಮುಖ್ಯ ಕೆಲಸ. ಬೇಕಾದದ್ದು: ಗ್ಲೇಶಿಯಲ್ ಅಸೆಟಿಕ್ ಆಮ್ಲ, ಈಥೈಲ್ ಆಲ್ಕೋಹಾಲ್, 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲ, ಅಸಿಟೋಕಾರ್ಮೈನ್ ಅನ್ನುವ ಕೆಂಪು ಬಣ್ಣ, ಸ್ಪಿರಿಟ್ ದೀಪ. ಆಮ್ಲದ ಕೆಲಸ ದೊಡ್ಡವರದು. ಗ್ಲೇಶಿಯಲ್ ಅಸೆಟಿಕ್ ಆಮ್ಲ ಚರ್ಮ ಸುಡುತ್ತದೆ, ಅದರ ಆವಿ ಮೂಗಿಗೆ ಹತ್ತುತ್ತದೆ. ಕಿಟಕಿ ತೆರೆದಿಡಿ. 1 ನಾರ್ಮಲ್ ಮಾಡಿಕೊಳ್ಳಲು 100 ಮಿಲಿಲೀಟರ್‌ಗೆ ಸುಮಾರು 8.5 ಮಿಲಿಲೀಟರ್ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ.

ಬೆಳಗ್ಗೆ 8ರಿಂದ 10ರ ನಡುವೆ ಬೇರು ಕತ್ತರಿಸಿದರೆ ವಿಭಜನೆ ಜಾಸ್ತಿ ಸಿಗುತ್ತದೆ. ಶಾಲೆಯಲ್ಲಿ ಆ ಹೊತ್ತಿಗೆ ಪ್ರಾರ್ಥನೆ, ಹಾಜರಿ. ಅದಕ್ಕೇ ನಾನು ಎಂಟೂವರೆಗೆ ಮನೆಯಲ್ಲೇ ಕತ್ತರಿಸಿ, ಚೆನ್ನಾಗಿ ತೊಳೆದ ಖಾಲಿ ಇಂಜೆಕ್ಷನ್ ಸೀಸೆಗೆ ಹಾಕಿ ಒಯ್ಯುತ್ತೇನೆ. ಸೀಸೆಯಲ್ಲಿ ಒಂದು ಪಾಲು ಗ್ಲೇಶಿಯಲ್ ಅಸೆಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್, ಅವತ್ತೇ ಬೆರೆಸಿದ್ದು. ಬೇರಿನ ತುದಿಯಿಂದ ಒಂದು ಸೆಂಟಿಮೀಟರ್ ಸಾಕು. ಈ ದ್ರವ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿಬಿಡುತ್ತದೆ. ಮಕ್ಕಳ ಆಟದಲ್ಲಿ "ಸ್ಟ್ಯಾಚ್ಯೂ!" ಅಂದರೆ ಓಡುವವನು ಓಡುವ ಭಂಗಿಯಲ್ಲೇ, ಕೂರುವವನು ಅರ್ಧ ಕೂತಲ್ಲೇ ನಿಲ್ಲುತ್ತಾನಲ್ಲ, ಹಾಗೆ. ನಾವು ನೋಡುವುದು ಒಂದು ಕೋಶ ಒಡೆಯುವುದನ್ನಲ್ಲ. ಸಾವಿರಾರು ಕೋಶಗಳು ಒಂದೊಂದು ಭಂಗಿಯಲ್ಲಿ ನಿಂತಿರುವುದನ್ನು. ಇದನ್ನು ಮಕ್ಕಳಿಗೆ ಮೊದಲೇ ಹೇಳದಿದ್ದರೆ "ಯಾವಾಗ ಒಡೀತೈತ್ರೀ?" ಅಂತ ಕಾಯುತ್ತ ಕೂರುತ್ತಾರೆ.

24 ಗಂಟೆ ಹಾಗೇ ಬಿಡಿ. ಮರುದಿನವೇ ಸ್ಲೈಡ್ ಮಾಡಲು ಆಗದಿದ್ದರೆ 70 ಶೇಕಡಾ ಆಲ್ಕೋಹಾಲಿಗೆ ಬದಲಿಸಿ ಫ್ರಿಜ್ಜಿನಲ್ಲಿಡಿ, ವಾರಗಟ್ಟಲೆ ಕೆಡುವುದಿಲ್ಲ. ಸೀಸೆಗೆ ಚೀಟಿ ಅಂಟಿಸುವುದನ್ನು ಮರೆಯಬೇಡಿ, ಮನೆಯ ಫ್ರಿಜ್ಜು ಅದು.

ಮರುದಿನ ಬೇರನ್ನು ನೀರಿನಲ್ಲಿ ತೊಳೆದು, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಇರುವ ಸಣ್ಣ ಸೀಸೆಗೆ ಹಾಕಿ, ಆ ಸೀಸೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ನಿಲ್ಲಿಸಿ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟ ಪದಾರ್ಥ ಇದರಿಂದ ಸಡಿಲವಾಗುತ್ತದೆ. ಈ ಹಂತ ಬಿಟ್ಟರೆ ಆಮೇಲೆ ಎಷ್ಟು ಒತ್ತಿದರೂ ಕೋಶಗಳು ಗುಂಪು ಬಿಡುವುದಿಲ್ಲ. ಜಾಸ್ತಿ ಹೊತ್ತು ಬಿಟ್ಟರೆ ಬೇರು ಮುದ್ದೆಯಾಗುತ್ತದೆ. ಚಿಮುಟದಲ್ಲಿ ಎತ್ತಿದರೆ ಮೆತ್ತಗೆ ಬಾಗಬೇಕು, ಹರಿಯಬಾರದು. ಅಷ್ಟಾದರೆ ಸರಿ.

ಮತ್ತೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗಾಜಿನ ತಟ್ಟೆಯಲ್ಲಿ ಅಸಿಟೋಕಾರ್ಮೈನ್ ಹಾಕಿ ಬೇರನ್ನು ಅದರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ. ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಅನ್ನುವ ಸಣ್ಣ ಹುಳದಿಂದ ತೆಗೆಯುವ ಕೆಂಪು ಇದು. ಬಣ್ಣ ಹತ್ತುತ್ತಿಲ್ಲ ಅನ್ನಿಸಿದರೆ ಒಂದು ಕಬ್ಬಿಣದ ಸೂಜಿಯಿಂದ ಬಣ್ಣವನ್ನು ಕಲಕಿ. ಕಬ್ಬಿಣದ ಚೂರು ಅಂಶ ಸೇರಿದರೂ ಕಾರ್ಮೈನ್ ಗಾಢವಾಗುತ್ತದೆ. ಇದು ಆ ಅಟೆಂಡರ್ ಹೇಳಿಕೊಟ್ಟದ್ದು, ಒಮ್ಮೆಯೂ ಕೈ ಕೊಟ್ಟಿಲ್ಲ.

ಈಗ ಗಮನ ಕೊಡಿ. ಬಣ್ಣದಿಂದ ಎತ್ತಿದ ಬೇರಿನಲ್ಲಿ ತುತ್ತತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಉಳಿದುದಕ್ಕಿಂತ ಗಾಢ ಕೆಂಪಾಗಿರುತ್ತದೆ. ವಿಭಜನೆ ನಡೆಯುವುದು ಅಲ್ಲೇ. ಅಲ್ಲಿ ಕೋಶಗಳು ಚಿಕ್ಕವು, ಒತ್ತೊತ್ತಾಗಿವೆ, ಕೋಶಕೇಂದ್ರ ದೊಡ್ಡದು, ಅದಕ್ಕೇ ಬಣ್ಣ ಜಾಸ್ತಿ ಕುಡಿಯುತ್ತದೆ. ಮೇಲಿನ ಕೋಶಗಳು ಒಡೆಯುವುದು ನಿಲ್ಲಿಸಿ ಉದ್ದವಾಗಲು ಶುರುಮಾಡಿವೆ. ಸ್ಲೈಡಿನ ಮೇಲೆ ಬೇರನ್ನಿಟ್ಟು ಆ ಕೆಂಪು ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಇಟ್ಟುಕೊಳ್ಳಿ, ಉಳಿದದ್ದನ್ನು ಕೂಡಲೇ ಸ್ಲೈಡಿನಿಂದ ತೆಗೆಯಿರಿ. ದೊಡ್ಡ ತುಂಡು ಇಟ್ಟುಕೊಂಡು ಸಾಸಿವೆಯಷ್ಟು ತುದಿಯನ್ನು ಒರೆಸಿ ಎಸೆಯುವುದು ಎಲ್ಲರೂ ಮಾಡುವ ತಪ್ಪು. ನನ್ನ ಎರಡು ವರ್ಷದಲ್ಲಿ ಒಂದು ವರ್ಷ ಹೋದದ್ದು ಹೀಗೆ.

ತುದಿಯ ಮೇಲೆ ಹೊಸ ಬಣ್ಣದ ಒಂದು ಹನಿ ಹಾಕಿ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಮೂರು ನಾಲ್ಕು ಸಲ ಆಡಿಸಿ. ಪ್ರತಿ ಸಲ ಸ್ಲೈಡಿನ ಕೆಳಮೈಯನ್ನು ಮುಂಗೈ ಹಿಂಬದಿಗೆ ತಾಗಿಸಿ ನೋಡಿ: ಬಿಸಿ ತಾಕಬೇಕು, ಸುಡಬಾರದು. ಬಣ್ಣ ಕುದಿದರೆ ಕೆಲಸ ಕೆಟ್ಟಿತು. ಆಮೇಲೆ ಕವರ್‌ಸ್ಲಿಪ್ ಮುಚ್ಚಿ, ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದ ಮೇಲಿಂದ ಟಕಟಕ ಅಂತ ಮೆಲ್ಲಗೆ ತಟ್ಟಿ. ಕೆಂಪು ಚುಕ್ಕೆ ಮೋಡದ ಹಾಗೆ ಹರಡುತ್ತ ಹೋಗುತ್ತದೆ. ಮೇಲೆ ಎರಡು ಮಡಿಕೆ ಬ್ಲಾಟಿಂಗ್ ಪೇಪರ್ ಇಟ್ಟು, ಹೆಬ್ಬೆರಳಿನಿಂದ ನೇರವಾಗಿ ಕೆಳಗೆ ಒತ್ತಿ. ಉಜ್ಜಬೇಡಿ, ಪಕ್ಕಕ್ಕೆ ಜಾರಿಸಬೇಡಿ. ಕವರ್‌ಸ್ಲಿಪ್ ಕೂದಲೆಳೆಯಷ್ಟು ಜರುಗಿದರೂ ಕೋಶಗಳು ಹೊರಳಿ ಸುತ್ತಿಕೊಳ್ಳುತ್ತವೆ. ಒತ್ತಡ ಎಷ್ಟು ಅಂತ ಬರೆದು ತಿಳಿಸಲು ಆಗುವುದಿಲ್ಲ. ಮೊದಲ ಮೂರು ನಾಲ್ಕು ಕವರ್‌ಸ್ಲಿಪ್ ಒಡೆಯುತ್ತವೆ, ಒಡೆಯಲಿ.

ನೋಡುವುದು ಹೇಗೆ

ಮೊದಲು 100 ಪಟ್ಟು. ಉದ್ದುದ್ದ ಕೋಶಗಳು ಕಂಡರೆ ನೀವು ತಪ್ಪು ಜಾಗದಲ್ಲಿದ್ದೀರಿ, ಸ್ಲೈಡ್ ಸರಿಸಿ. ಚಿಕ್ಕ, ಹೆಚ್ಚುಕಡಿಮೆ ಚೌಕ ಕೋಶಗಳ ಗುಂಪು ಸಿಕ್ಕಾಗ ನಿಂತು, 400 ಪಟ್ಟಿಗೆ ತಿರುಗಿಸಿ.

ಬಹುಪಾಲು ಕೋಶಗಳಲ್ಲಿ ದುಂಡನೆ ಕೋಶಕೇಂದ್ರ ಕಾಣುತ್ತದೆ. ಅವು ಇಂಟರ್‌ಫೇಸಿನಲ್ಲಿವೆ. ಸುಮ್ನೆ ಕೂತಿವೆ ಅಂತ ಕೆಲವರು ಬರೆಸುತ್ತಾರೆ, ಅದು ತಪ್ಪು. ಕೋಶ ಬೆಳೆಯುವುದು, ಡಿ.ಎನ್.ಎ. ನಕಲಾಗಿ ಎರಡಾಗುವುದು ಎಲ್ಲ ಆಗಲೇ. ಎರಡು ಪಾಲು ಮಾಡುವ ಮೊದಲು ಮಾಲು ಎರಡರಷ್ಟು ಇರಬೇಕಲ್ವಾ?

ಕೋಶಕೇಂದ್ರದ ಅಂಚು ಮಾಸಿ, ಒಳಗೆ ನೂಲಿನ ಉಂಡೆ ಬಿಚ್ಚಿಟ್ಟ ಹಾಗೆ ಕಂಡರೆ ಅದು ಪ್ರೊಫೇಸ್. ಎಳೆಗಳು ಗಿಡ್ಡವಾಗಿ, ದಪ್ಪವಾಗಿ, ಕೋಶದ ನಟ್ಟನಡುವೆ ಅಡ್ಡಗೆರೆಯಾಗಿ ಕೂತಿದ್ದರೆ ಮೆಟಾಫೇಸ್. ಗೆರೆ ಎರಡಾಗಿ ಸೀಳಿ ಎದುರುಬದುರು ದಿಕ್ಕಿಗೆ ಹೊರಟಿದ್ದರೆ ಅನಾಫೇಸ್. ಎರಡು ತುದಿಗಳಲ್ಲಿ ಎರಡು ಸಣ್ಣ ಉಂಡೆ, ನಡುವೆ ತೆಳು ಗೆರೆಯಾಗಿ ಹೊಸ ಗೋಡೆ ಏಳುತ್ತಿದ್ದರೆ ಟೀಲೋಫೇಸ್. ಆ ಗೋಡೆ ನಡುವಿನಿಂದ ಹುಟ್ಟಿ ಅಂಚಿನತ್ತ ಬೆಳೆಯುತ್ತದೆ. ಪ್ರಾಣಿಕೋಶದಲ್ಲಿ ಹಾಗಲ್ಲ, ಅಲ್ಲಿ ಸುತ್ತಲಿಂದ ಸೊಂಟ ಬಿಗಿದಂತೆ ಒಳಗೆ ಕುಗ್ಗಿ ಎರಡಾಗುತ್ತದೆ.

ಪುಸ್ತಕದಲ್ಲಿ ಈ ನಾಲ್ಕೂ ಸಾಲಾಗಿ ಇರುತ್ತವೆ. ಸ್ಲೈಡಿನಲ್ಲಿ ಅಕ್ಕಿ ಚೆಲ್ಲಿದ ಹಾಗೆ ಕಲಸಿಹೋಗಿವೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡುವವರೇ ಜೋಡಿಸಬೇಕು. ನಾನು ಮಕ್ಕಳಿಗೆ ಹೆಸರುಗಳನ್ನು ಮೊದಲು ಹೇಳುವುದಿಲ್ಲ. ಕಂಡ ಕೋಶಗಳನ್ನು ಬೇರೆಬೇರೆ ಚೀಟಿಯಲ್ಲಿ ಬರೆಯಿಸಿ, ಬೆಂಚಿನ ಮೇಲೆ ಹರಡಿ, "ಇದನ್ನ ಕತಿ ಮಾಡಿ ಜೋಡಸ್ರಿ" ಅನ್ನುತ್ತೇನೆ. ಜಗಳ ಆಗುತ್ತದೆ. ಆ ಜಗಳವೇ ಪಾಠ. 1882ರಲ್ಲಿ ವಾಲ್ಥರ್ ಫ್ಲೆಮಿಂಗ್ ತನ್ನ ಪುಸ್ತಕದಲ್ಲಿ ಇದಕ್ಕೆ ಮೈಟಾಸಿಸ್ ಅಂತ ಹೆಸರಿಟ್ಟಾಗ ಅವನೂ ಸಾಲಮಾಂಡರ್ ಮರಿಯ ಕೋಶಗಳಲ್ಲಿ ಇದೇ ಜೋಡಣೆ ಮಾಡಿದ್ದ. ಗ್ರೀಕಿನಲ್ಲಿ ಆ ಪದದ ಬೇರು ನೂಲು. ಆ ಎಳೆಗಳಿಗೆ ನಾವು ಹೇಳುವ 'ವರ್ಣತಂತು'ವಿನಲ್ಲೂ ತಂತು ಇದೆ. ಹೆಸರು ಬಾಯಿಪಾಠ ಮಾಡಿಸುವ ಮೊದಲು ಆ ನೂಲನ್ನು ಒಮ್ಮೆ ತೋರಿಸಿ.

ಒಂದು ಸಲದ ನೆನಪು ಹೇಳಬೇಕು. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ, ಹದಿನೈದು ನಿಮಿಷ ಮಸೂರಕ್ಕೆ ಕಣ್ಣಿಟ್ಟವಳು ಎದ್ದೇ ಇರಲಿಲ್ಲ. ಹಿಂದಿನವರು ಗಲಾಟೆ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ, "ಟೀಚರ್ರೀ, ಇಲ್ಲೊಂದು ಎರಡಾಗಾಕತ್ತೈತ್ರೀ! ಬಳಿಚೂರು ಎರಡ್ ಕಡೆ ಚೆಲ್ಲಿದಾಂಗ ಐತ್ರಿ!" ಅಂತ ಕೂಗಿದಳು. ಹೋಗಿ ನೋಡಿದೆ. ಹಗುರ ಗುಲಾಬಿ ಕೋಶದೊಳಗೆ ಕಡುಗೆಂಪು ಬಾಗಿದ ಚೂರುಗಳು, ಎರಡು ಗುಂಪು. ಪ್ರತಿ ಚೂರಿನ ನಡುಭಾಗ ಮುಂದೆ, ಎರಡು ತೋಳು ಹಿಂದೆ ಎಳೆದುಕೊಂಡು, ಒಂದು ಗುಂಪು ಮೇಲಕ್ಕೆ, ಒಂದು ಕೆಳಕ್ಕೆ. ಒಡೆದ ಕೆಂಪು ಬಳೆಯೇ. ತೋಳು ಯಾಕೆ ಹಿಂದೆ ಬಿದ್ದಿವೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ನಡುಕ ಹಗ್ಗ ಕಟ್ಟಿ ಎಳದ್ರ ಹಿಂಗ ಆಕ್ಕೈತ್ರಿ" ಅಂದಳು. ಆ ಹಗ್ಗಗಳು ನಮ್ಮ ಬಣ್ಣಕ್ಕೆ ಕಾಣುವುದಿಲ್ಲ. ಅವಳು ಅವನ್ನು ಕಾಣದೆಯೇ ಕಂಡುಕೊಂಡಿದ್ದಳು.

ಈರುಳ್ಳಿಯ ಕೋಶದಲ್ಲಿ 16 ವರ್ಣತಂತು. ಒಡೆಯುವ ಮುಂಚೆ ಪ್ರತಿಯೊಂದೂ ಜೋಡಿ ಎಳೆಯಾಗಿರುತ್ತದೆ, ಅನಾಫೇಸಿನಲ್ಲಿ ಆ ಕಡೆ 16, ಈ ಕಡೆ 16. ಎಣಿಸಲು ಹೇಳಿ ನೋಡಿ. ಒಂದರ ಮೇಲೊಂದು ಬಿದ್ದಿರುವುದರಿಂದ ಸುಲಭ ಅಲ್ಲ, ಚೆನ್ನಾಗಿ ಹರಡಿದ ಒಂದು ಕೋಶ ಸಿಕ್ಕರೆ ಪುಣ್ಯ. ಒಂದು ಗೈಡಿನಲ್ಲಿ ಈರುಳ್ಳಿ ಕೋಶದ ಎರಡೂ ತುದಿಗೆ ಸೆಂಟ್ರಿಯೋಲ್ (ಪ್ರಾಣಿಕೋಶ ಒಡೆಯುವಾಗ ಎರಡು ತುದಿಯಲ್ಲಿರುವ ಪುಟ್ಟ ಕಣ) ಬರೆದದ್ದನ್ನು ನೋಡಿ ನನಗೆ ಬೇಸರವಾಯಿತು. ಈರುಳ್ಳಿಯಂಥ ಹೂ ಬಿಡುವ ಗಿಡಗಳ ಕೋಶದಲ್ಲಿ ಸೆಂಟ್ರಿಯೋಲ್ ಇರುವುದಿಲ್ಲ. ಪ್ರಾಣಿಕೋಶದ ಚಿತ್ರವನ್ನೇ ಚೌಕದೊಳಗೆ ಹಾಕಿದ್ದರು.

ಸಮಯ ಇದ್ದರೆ ಎಣಿಕೆ ಮಾಡಿಸಿ. ಒಂದೇ ಜಾಗದಲ್ಲಿ 100 ಕೋಶ ಎಣಿಸಿ, ಎಷ್ಟು ಇಂಟರ್‌ಫೇಸ್, ಎಷ್ಟು ಬೇರೆ ಹಂತ ಅಂತ ಗೀಟು ಹಾಕಲಿ. ಎಲ್ಲ ಕೋಶಗಳನ್ನೂ ಒಂದೇ ಗಳಿಗೆಯಲ್ಲಿ ನಿಲ್ಲಿಸಿದ್ದೇವೆ. ಹಾಗಾಗಿ ಯಾವ ಹಂತದಲ್ಲಿ ಕೋಶಗಳು ಜಾಸ್ತಿ ಸಿಗುತ್ತವೋ ಆ ಹಂತ ಅಷ್ಟು ಉದ್ದ. ಬಸ್‌ಸ್ಟ್ಯಾಂಡಿನ ಫೋಟೋ ತೆಗೆದರೆ ಹತ್ತುತ್ತಿರುವವರಿಗಿಂತ ಕಾಯುತ್ತಿರುವವರೇ ಜಾಸ್ತಿ ಇರುತ್ತಾರಲ್ಲ, ಹಾಗೆ. ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು, ಅದರಲ್ಲಿ ನಿಜವಾಗಿ ಒಡೆಯುವುದು ಸುಮಾರು ಒಂದೇ ಗಂಟೆ. ಅನಾಫೇಸ್ ಹುಡುಕಲು ಯಾಕೆ ಇಷ್ಟು ಹೊತ್ತಾಯಿತು ಅನ್ನುವುದಕ್ಕೆ ಉತ್ತರ ಆ ಗೀಟುಗಳಲ್ಲೇ ಸಿಗುತ್ತದೆ.

ಮಿಯಾಸಿಸ್, ಅಂದರೆ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ, ಬೇರಿನಲ್ಲಿ ಸಿಗುವುದಿಲ್ಲ, ಅದಕ್ಕೆ ಹೂವಿನ ಮೊಗ್ಗು ಬೇಕು. ಬೀಜಕ್ಕೆಂದು ಈರುಳ್ಳಿ ಬೆಳೆಯುವ ಹೊಲ ನಿಮ್ಮೂರಲ್ಲಿದ್ದರೆ, ಇನ್ನೂ ಬಿರಿಯದ ಗುಚ್ಛದಿಂದ ಸಣ್ಣ ಮೊಗ್ಗು ತಂದು ಪರಾಗಕೋಶವನ್ನು ಇದೇ ಬಣ್ಣದಲ್ಲಿ ಹಿಸುಕಿ ನೋಡಬಹುದು. ಅಲ್ಲಿ 16 ವರ್ಣತಂತು 8 ಜೋಡಿಯಾಗಿ ಕೂಡಿಕೊಂಡು, ಕೊನೆಗೆ ಒಂದೊಂದು ಕೋಶಕ್ಕೆ 8 ಮಾತ್ರ ಹೋಗುತ್ತವೆ. ಮೊಗ್ಗಿನ ಹದ ಸಿಗುವುದು ಕಷ್ಟ. ಹೈಸ್ಕೂಲಿಗೆ ಬೇರು ಸಾಕು.

ಚೆನ್ನಾಗಿ ಬಂದ ಸ್ಲೈಡನ್ನು ಎಸೆಯಬೇಡಿ. ಕವರ್‌ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿದರೆ ಕೆಲವು ದಿನ ಒಣಗದೆ ಉಳಿಯುತ್ತದೆ. ಮಸೂರಕ್ಕೆ ಬಣ್ಣ ತಾಗಿದ್ದರೆ ಅವತ್ತೇ ಮೆತ್ತನೆ ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮ್ಲ ಇರುವ ಬಣ್ಣ ಅದು. ಬೇರು ಕತ್ತರಿಸಿದ ಗಡ್ಡೆಗಳನ್ನೂ ಎಸೆಯಬೇಡಿ. ನೀರು ಬದಲಿಸಿ ಮತ್ತೆ ಲೋಟದ ಮೇಲೆ ಕೂರಿಸಿದರೆ ಬಿಲ್ಲೆಯ ಸುತ್ತಲಿಂದ ಹೊಸ ಬೇರು ಬರುತ್ತದೆ, ಬಿ ಸೆಕ್ಷನ್ನಿನ ಮಕ್ಕಳಿಗೆ ಅವೇ ಆಗುತ್ತವೆ. ಅವರದೂ ಮುಗಿದಮೇಲೆ ನಮ್ಮ ಅತ್ತೆ ಐದನ್ನೂ ಹಿತ್ತಲಲ್ಲಿ ಊರುತ್ತಾರೆ. ತಿಂಗಳೊಳಗೆ ಉಳ್ಳಾಗಡ್ಡಿ ತಪ್ಪಲು ಪಲ್ಯಕ್ಕೆ ಬರುತ್ತದೆ.